ಬೀಗ ತೆಗೆಯದೆ ಬಣ್ಣ ಬಳಿದರೆ

ಹಳೆಯ ವಿದ್ಯಾರ್ಥಿಗಳು ಸೇರಿ ಒಂದಿಷ್ಟು ದುಡ್ಡು ಕೂಡಿಸಿರುತ್ತಾರೆ, ಇಲ್ಲವೇ ಯಾವುದೋ ಕಂಪನಿ ತನ್ನ ಸಾಮಾಜಿಕ ಹೊಣೆಗಾರಿಕೆಗೆಂದು ಎತ್ತಿಟ್ಟ ಸಿಎಸ್‌ಆರ್ ಹಣ ಶಾಲೆಯ ಬಾಗಿಲಿಗೆ ಬಂದಿರುತ್ತದೆ. ಕಾಂಪೌಂಡು ಆಗಿದೆ, ಶೌಚಾಲಯ ಆಗಿದೆ, ಉಳಿದದ್ದು ಗ್ರಂಥಾಲಯ. ಅದನ್ನು ಈ ಕಾಲಕ್ಕೆ ತಕ್ಕಂತೆ ಮಾಡಬೇಕು, ಏನೇನು ಕೊಳ್ಳೋಣ ಹೇಳಿ ಎಂಬುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರೂ ಮುಖ್ಯ ಶಿಕ್ಷಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ. ಮೊಬೈಲಿನಲ್ಲಿ ಹುಡುಕಿದರೆ ಚಿತ್ರಗಳಿಗೇನೂ ಬರವಿಲ್ಲ: ಬೀನ್‌ಬ್ಯಾಗು, ಚಕ್ರವಿರುವ ಮೇಜು, ಮರದ ಆಕಾರದ ಕಪಾಟು, ಗೋಡೆಗೊಂದು ದೊಡ್ಡ ಟಿವಿ, ಮೂಲೆಯಲ್ಲಿ ತ್ರೀಡಿ ಪ್ರಿಂಟರ್. ಇದಕ್ಕೆಲ್ಲ ಸೇರಿ ‘ಫ್ಲೆಕ್ಸಿಬಲ್ ಲರ್ನಿಂಗ್ ಸ್ಪೇಸ್’ ಎಂದು ಹೆಸರೂ ಇದೆ. ಬೇಕಾದಾಗ ಬೇಕಾದಂತೆ ಬದಲಿಸಿಕೊಳ್ಳಬಹುದಾದ ಕಲಿಕೆಯ ಜಾಗ ಎಂದು ಅರ್ಥ. ಕಲ್ಪನೆ ಒಳ್ಳೆಯದೇ. ಆದರೆ ನಮ್ಮ ಶಾಲೆಗಳ ಮಟ್ಟಿಗೆ ಅದನ್ನು ಸಾಮಾನಿನ ಪಟ್ಟಿಯಿಂದ ಶುರುಮಾಡುವುದು ತಲೆಕೆಳಗಾದ ಕೆಲಸ ಎಂಬುದು ನನ್ನ ವಾದ. ನಮ್ಮಲ್ಲಿ ಬಗ್ಗದೆ ಬಿಗಿದು ನಿಂತಿರುವುದು ಬೀರುವಿನ ಬೀಗ, ವೇಳಾಪಟ್ಟಿ ಮತ್ತು ದಾಸ್ತಾನು ವಹಿ. ಕುರ್ಚಿ ಮೇಜುಗಳ ಸರದಿ ಆಮೇಲೆ.

ಕಾನೂನಿನಲ್ಲೇನೂ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು. ಅಲ್ಲಿ ದಿನಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯಗಳ ಪುಸ್ತಕ ಸಿಗಬೇಕು, ಕಥೆಪುಸ್ತಕವೂ ಸಿಗಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ದೊಡ್ಡ ಮೊತ್ತವಲ್ಲ, ನಿಜ. ಆದರೂ ಪುಸ್ತಕಕ್ಕೆ 80 ರೂಪಾಯಿಯಂತೆ ಹಿಡಿದರೆ 10,000ಕ್ಕೆ 125 ಪುಸ್ತಕ ಬರುತ್ತವೆ. ನಾಲ್ಕು ವರ್ಷ ತಪ್ಪದೆ ಬಂದರೆ ಐನೂರು. ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಅದು ಸಾಕಷ್ಟು ಪುಸ್ತಕವೇ. ಹಾಗಾದರೆ ಅವು ಮಕ್ಕಳ ಕೈಗೆ ಸಿಗುತ್ತಿವೆಯೇ? ಗ್ರಾಮೀಣ ಶಾಲೆಗಳಿಗೆ ಹೋಗಿ ನೋಡಿ ವರದಿ ಕೊಡುವ ‘ಅಸರ್’ ಸಮೀಕ್ಷೆ ಈ ಪ್ರಶ್ನೆಯನ್ನು ಸರಿಯಾಗಿ ಕೇಳುತ್ತದೆ. ಪುಸ್ತಕ ಇದೆಯೇ ಎಂಬುದನ್ನಷ್ಟೇ ಅಲ್ಲ, ಹೋದ ದಿನ ಮಕ್ಕಳು ಪಠ್ಯವಲ್ಲದ ಪುಸ್ತಕವನ್ನು ಬಳಸುತ್ತಿದ್ದರೇ ಎಂಬುದನ್ನೂ ಬರೆದುಕೊಳ್ಳುತ್ತದೆ. ದೇಶದ ಮಟ್ಟದಲ್ಲಿ ಹಾಗೆ ಬಳಕೆ ಕಂಡ ಶಾಲೆಗಳು 2018ರಲ್ಲಿ ಶೇಕಡ 36.9 ಇದ್ದವು, 2024ರಲ್ಲಿ ಶೇಕಡ 51.3ಕ್ಕೆ ಏರಿದವು. ಆರು ವರ್ಷದಲ್ಲಿ ಇಷ್ಟು ಏರಿಕೆ ಸಣ್ಣದಲ್ಲ, ಅದನ್ನು ಒಪ್ಪಿಕೊಳ್ಳೋಣ. ಒಂದೇ ದಿನದ ನೋಟದಿಂದ ಇಡೀ ವರ್ಷವನ್ನು ಅಳೆಯಲಾಗದು ಎಂಬುದನ್ನೂ ಒಪ್ಪೋಣ. ಆದರೂ ಹೆಚ್ಚುಕಡಿಮೆ ಅರ್ಧದಷ್ಟು ಶಾಲೆಗಳಲ್ಲಿ ಆ ದಿನ ಒಂದು ಮಗುವಿನ ಕೈಯಲ್ಲೂ ಕಥೆಪುಸ್ತಕ ಕಾಣಲಿಲ್ಲ ಎಂಬುದು ಉಳಿಯುತ್ತದೆ.

ಯಾಕೆ ಕಾಣಲಿಲ್ಲ? ಶಿಕ್ಷಕರಿಗೆ ಆಸಕ್ತಿಯಿಲ್ಲ ಎಂದು ತಟ್ಟನೆ ಹೇಳಿಬಿಡುವುದು ಸುಲಭ, ಅನ್ಯಾಯವೂ ಹೌದು. ಗ್ರಂಥಾಲಯದ ಹೊಣೆ ಹೊತ್ತ ಶಿಕ್ಷಕರ ಜಾಗದಲ್ಲಿ ನಿಂತು ಯೋಚಿಸಿ. ಪುಸ್ತಕ ಶಾಲೆಯ ಆಸ್ತಿ, ದಾಸ್ತಾನು ವಹಿಯಲ್ಲಿ ಅದಕ್ಕೊಂದು ಕ್ರಮಸಂಖ್ಯೆಯಿದೆ. ವರ್ಗಾವಣೆಯಾದಾಗ ಚಾರ್ಜು ಒಪ್ಪಿಸುವ ಹೊತ್ತಿಗೆ ಎಣಿಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಪ್ರಶ್ನೆ, ಸಮಜಾಯಿಷಿ, ಕೊನೆಗೆ ಕೈಯಿಂದ ತುಂಬಿಕೊಡುವ ಭಯ. ಪುಸ್ತಕ ಎಷ್ಟು ಮಕ್ಕಳು ಓದಿದರು ಎಂದು ಕೇಳುವವರಿಲ್ಲ. ಎಷ್ಟು ಕಳೆದವು ಎಂದು ಕೇಳುವವರು ಇದ್ದೇ ಇರುತ್ತಾರೆ. ಇಂಥ ಏರ್ಪಾಟಿನಲ್ಲಿ ಬೀರುವಿಗೆ ಬೀಗ ಹಾಕುವುದೇ ಬುದ್ಧಿವಂತಿಕೆ. ಅಲ್ಲಿ ಬೀನ್‌ಬ್ಯಾಗು ತಂದು ಹಾಕಿದರೆ ಅದೂ ದಾಸ್ತಾನು ವಹಿಗೆ ಸೇರುತ್ತದೆ, ಪ್ಲಾಸ್ಟಿಕ್ ಹೊದಿಕೆ ತೆಗೆಯದೆ ಹಾಗೇ ಉಳಿಯುತ್ತದೆ.

ಕೇಂದ್ರ ಸರ್ಕಾರದ ಲೆಕ್ಕಪತ್ರದವರು ಈ ವಿಷಯದಲ್ಲಿ ನಮ್ಮ ಊಹೆಗಿಂತ ಉದಾರಿಗಳು. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯಗಳ ಕುರಿತದ್ದು. ಒಂದು ವರ್ಷದಲ್ಲಿ ಎರವಲು ಹೋದ ಅಥವಾ ಅಲ್ಲೇ ಕುಳಿತು ನೋಡಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇಲ್ಲದಿದ್ದಲ್ಲಿ, ಅದು ಸಹಜ ನಷ್ಟ ಎನ್ನುತ್ತದೆ ಆ ನಿಯಮ. ಸಾವಿರ ರೂಪಾಯಿ ಮೀರಿದ ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ತನಿಖೆ ಕಡ್ಡಾಯ. ಇದರ ಸೊಗಸು ಎಲ್ಲಿದೆ ಗಮನಿಸಿ: ಲೆಕ್ಕ ಹಾಕುವುದು ಬೀರುವಿನಲ್ಲಿ ಎಷ್ಟಿದ್ದವು ಎಂಬುದರ ಮೇಲಲ್ಲ, ಎಷ್ಟು ಸಲ ಕೈಬದಲಾದವು ಎಂಬುದರ ಮೇಲೆ. 150 ಮಕ್ಕಳ ಶಾಲೆಯಲ್ಲಿ ಪ್ರತಿ ಮಗುವೂ ವಾರಕ್ಕೊಂದರಂತೆ ಮೂವತ್ತು ವಾರ ಪುಸ್ತಕ ಒಯ್ದರೆ 4,500 ಎರವಲು. ಆಗ 22 ಪುಸ್ತಕ ಕಳೆದರೂ ಯಾರೂ ಬೆವರಬೇಕಿಲ್ಲ. ಒಂದೂ ಪುಸ್ತಕ ಕೈಬದಲಾಗದ ಶಾಲೆಗೆ ಸಿಗುವ ರಿಯಾಯಿತಿ ಸೊನ್ನೆ. ಇದು ಕೇಂದ್ರದ ಸಂಸ್ಥೆಗಳಿಗೆಂದು ಬರೆದ ನಿಯಮ, ರಾಜ್ಯದ ಶಾಲೆಗಳಿಗೆ ತಾನಾಗಿ ಅನ್ವಯಿಸದು. ಆದರೆ ಇದೇ ಧಾಟಿಯ ಒಂದು ಪುಟದ ಸುತ್ತೋಲೆ, ಹರಿದದ್ದನ್ನೂ ಕಳೆದದ್ದನ್ನೂ ಎಸ್‌ಡಿಎಂಸಿ ಸಭೆಯಲ್ಲೇ ನಡಾವಳಿ ಬರೆದು ವಹಿಯಿಂದ ಕೈಬಿಡಬಹುದು ಎನ್ನುವಷ್ಟು ಸ್ಪಷ್ಟವಾಗಿ, ಪ್ರತಿ ಮುಖ್ಯ ಶಿಕ್ಷಕರ ಮೇಜಿನ ಗಾಜಿನಡಿ ಇದ್ದರೆ ಯಾವ ವಿನ್ಯಾಸಕಾರರೂ ಮಾಡಲಾಗದಷ್ಟು ಬದಲಾವಣೆ ಗ್ರಂಥಾಲಯದಲ್ಲಿ ಆದೀತು. ಇದಕ್ಕೆ ಖರ್ಚೂ ಇಲ್ಲ.

ಈ ಮಾತು ಹೊಸದೇನೂ ಅಲ್ಲ. ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪುಸ್ತಕವಾಗಿ ತಂದರು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಹುಟ್ಟುಹಬ್ಬವಾದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತೇವೆ. ಪುಸ್ತಕ ಇರುವುದು ಕಾಪಿಡಲಿಕ್ಕಲ್ಲ, ಬಳಸಲಿಕ್ಕೆ ಎಂಬುದು ಅವರ ಮೊದಲ ಸೂತ್ರದ ತಿರುಳು. ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿ ಹಾಕಿ ಕಟ್ಟಿಡುತ್ತಿದ್ದ ಕಾಲದಿಂದ ಅವರು ಮಾತು ತೆಗೆಯುತ್ತಾರೆ. ಆಮೇಲೆ ಆ ಸೂತ್ರ ಆಚರಣೆಗೆ ಬರಬೇಕಾದರೆ ಏನೇನು ಬದಲಾಗಬೇಕು ಎಂದು ಬಿಡಿಸುತ್ತಾರೆ: ಗ್ರಂಥಾಲಯ ಇರುವ ಜಾಗ, ಅದು ತೆರೆದಿರುವ ವೇಳೆ, ಪೀಠೋಪಕರಣ, ಸಿಬ್ಬಂದಿ. ಈಗ ನಾವು ಫ್ಲೆಕ್ಸಿಬಲ್ ಎಂದು ಬೀಗುವ ಕಲ್ಪನೆಯ ಮುಕ್ಕಾಲು ಪಾಲು ಅಲ್ಲೇ ಇದೆ. ನಾಲ್ಕರಲ್ಲಿ ಪೀಠೋಪಕರಣವೂ ಒಂದು, ಅಷ್ಟೇ. ನಮ್ಮವರು ಅದೊಂದನ್ನೇ ಹಿಡಿದುಕೊಂಡರು.

ಇನ್ನೂ ಹತ್ತಿರದ ಒಂದು ಮಾದರಿ ನಮ್ಮ ಶಾಲೆಗಳ ಒಳಗೇ ಇದೆ, ಮತ್ತು ಅದನ್ನು ಗ್ರಂಥಾಲಯದ ಮಾತು ಬಂದಾಗ ಯಾರೂ ನೆನೆಯುವುದಿಲ್ಲ ಎಂಬುದು ನನಗೆ ಸೋಜಿಗ. ನಲಿ-ಕಲಿ ಕೋಣೆ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ಹಬ್ಬಿದ ಪದ್ಧತಿ ಇದು. ಆ ಕೋಣೆಯಲ್ಲಿ ಬೆಂಚಿನ ಸಾಲಿಲ್ಲ. ಮಕ್ಕಳು ನೆಲದ ಮೇಲೆ, ಗಿಡ್ಡ ಮೇಜಿನ ಸುತ್ತ ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಆಸರೆ, ಇನ್ನೊಂದಕ್ಕೆ ಅರೆಪಾಲು, ಕೆಲವರು ಜೊತೆಗಾರರಿಂದ ಕಲಿಯುತ್ತಾರೆ, ಕೆಲವರು ತಮ್ಮಷ್ಟಕ್ಕೆ ತಾವೇ. ಕಾರ್ಡುಗಳು ಮಕ್ಕಳ ಕೈಗೆಟುಕುವ ತಟ್ಟೆಗಳಲ್ಲಿರುತ್ತವೆ. ಗೋಡೆಯ ಕೆಳಭಾಗಕ್ಕೆ, ಮಗುವಿನ ಎತ್ತರಕ್ಕೇ, ಕಪ್ಪು ಹಲಗೆ. ತಲೆಯ ಮೇಲೆ ಹುರಿ ಕಟ್ಟಿ ಮಕ್ಕಳ ಕೈಕೆಲಸ ತೂಗುಹಾಕುವ ಚಪ್ಪರ. ನಲಿ-ಕಲಿಯ ಕಲಿಕಾ ಫಲದ ಬಗ್ಗೆ ತಕರಾರುಗಳಿವೆ, ಕಾರ್ಡು ಮುಗಿಸುವುದೇ ಗುರಿಯಾಗಿಬಿಡುತ್ತದೆ ಎಂಬ ದೂರಿದೆ. ಅದು ಬೇರೆ ಚರ್ಚೆ. ಆದರೆ ಒಂದು ಕೋಣೆಯನ್ನು ಮಕ್ಕಳ ಅಳತೆಗೆ ಹೊಂದಿಸುವುದು ಹೇಗೆಂದು ಕರ್ನಾಟಕದ ಶಿಕ್ಷಕರಿಗೆ ಹೊರಗಿನವರು ಬಂದು ಹೇಳಿಕೊಡಬೇಕಿಲ್ಲ. ಅದೇ ಶಾಲೆಯಲ್ಲಿ, ಎರಡು ಬಾಗಿಲು ಆಚೆ, ಕಬ್ಬಿಣದ ಬೀರುವಿನಲ್ಲಿ ಪುಸ್ತಕಗಳು ಬೆನ್ನು ತೋರಿಸಿಕೊಂಡು ನಿಂತಿರುತ್ತವೆ.

ಆದ್ದರಿಂದ ದುಡ್ಡು ಕೈಯಲ್ಲಿರುವವರಿಗೆ ನನ್ನ ಸಲಹೆ, ಮೊದಲು ಎತ್ತರ ಇಳಿಸಿ. ಆರೂವರೆ ಅಡಿಯ ಬೀರುವಿನ ಮೇಲಿನ ಎರಡು ಅಂತಸ್ತು ಮೂರನೇ ತರಗತಿಯ ಮಗುವಿಗೆ ಇದ್ದೂ ಇಲ್ಲದ ಹಾಗೆ. ಮೂರೂವರೆ, ನಾಲ್ಕಡಿ ಮೀರದ ತೆರೆದ ಕಪಾಟು ಊರಿನ ಬಡಗಿಯೇ ಮಾಡಿಕೊಡುತ್ತಾನೆ. ಕೆಳಗೆ ನಾಲ್ಕು ಚಕ್ರ ಹಾಕಿಸಿದರೆ ಅದೇ ಕಪಾಟು ಬೆಳಿಗ್ಗೆ ಗೋಡೆ, ಮಧ್ಯಾಹ್ನ ಎರಡು ಗುಂಪುಗಳ ನಡುವಿನ ತಡಿಕೆ. ಅದರ ಮೇಲಿಂದ ಶಿಕ್ಷಕರಿಗೆ ಇಡೀ ಕೋಣೆ ಕಾಣುತ್ತದೆ, ಇದು ಚಿಕ್ಕ ಮಾತಲ್ಲ. ಎರಡನೆಯದು, ಪುಸ್ತಕದ ಮುಖ ಕಾಣಲಿ. ಇನ್ನೂ ಅಕ್ಷರ ಕೂಡಿಸುತ್ತಿರುವ ಮಗುವಿಗೆ ಬೆನ್ನಿನ ಮೇಲಿನ ಸಣ್ಣಕ್ಷರ ಏನೂ ಹೇಳದು. ಮುಖಪುಟದ ಆನೆ ಎಲ್ಲವನ್ನೂ ಹೇಳುತ್ತದೆ. ಚಪ್ಪರದ ಹುರಿಗೇ ಪುಸ್ತಕ ತೂಗುಹಾಕಬಹುದು, ದರ್ಜಿಯ ಹತ್ತಿರ ದಪ್ಪ ಬಟ್ಟೆಗೆ ಜೇಬು ಹೊಲಿಸಿ ಕಿಟಕಿಯ ಪಕ್ಕ ನೇತುಹಾಕಬಹುದು. ಕುರ್ಚಿ ಬೇಡ, ಜಮಖಾನ ಸಾಕು. ನಲವತ್ತು ಕುರ್ಚಿ ಹಾಕಿದ ಕೋಣೆ ಕುರ್ಚಿಗಳದ್ದೇ ಆಗಿಬಿಡುತ್ತದೆ, ಜಮಖಾನ ಹಾಸಿದ ಕೋಣೆಯಲ್ಲಿ ಬೆಳಿಗ್ಗೆ ಓದು, ಮಧ್ಯಾಹ್ನ ನಾಟಕದ ತಾಲೀಮು, ಸಂಜೆ ತಾಯಂದಿರ ಸಭೆ ಎಲ್ಲವೂ ನಡೆಯುತ್ತವೆ. ಮೂರನೆಯದು ಜೋಡಣೆ. ವಿಷಯವಾರು ದಶಮಾಂಶ ಸಂಖ್ಯೆ ಕಾಲೇಜಿಗಿರಲಿ. ಬೆಂಗಳೂರಿನ ಹಿಪೊಕ್ಯಾಂಪಸ್ ಸಂಸ್ಥೆಯವರು ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಓದಿನ ಮಟ್ಟಕ್ಕೊಂದು ಬಣ್ಣ ಗೊತ್ತುಮಾಡಿದ ‘ಗ್ರೋಬೈ’ ಪದ್ಧತಿ ರೂಪಿಸಿದರು: ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ. ಬೆನ್ನಿಗೊಂದು ಬಣ್ಣದ ಪಟ್ಟಿ ಅಂಟಿಸಿದರೆ ಪುಸ್ತಕವನ್ನು ಮರಳಿ ಜಾಗಕ್ಕೆ ಇಡುವ ಕೆಲಸವನ್ನು ಎರಡನೇ ತರಗತಿಯ ಮಗುವೇ ಮಾಡುತ್ತದೆ. ನಾಲ್ಕನೆಯದು ಹೇಳಲು ಮುಜುಗರ, ಆದರೂ ಹೇಳಬೇಕು: ತೂಕಕ್ಕೆ ಹಾಕಬೇಕಾದ ಪುಸ್ತಕಗಳನ್ನು ತೂಕಕ್ಕೆ ಹಾಕಿ. ದಾನವಾಗಿ ಬಂದ ಹಳೆಯ ಗೈಡು, ಮುಗಿದುಹೋದ ಪಠ್ಯಕ್ರಮದ ಪ್ರಶ್ನೋತ್ತರ ಮಾಲೆ, ಯಾರೋ ಗಣ್ಯರ ಅಭಿನಂದನ ಗ್ರಂಥದ ಇಪ್ಪತ್ತು ಪ್ರತಿ ಇವೆಲ್ಲ ಎಣಿಕೆಯನ್ನು ಹಿಗ್ಗಿಸುತ್ತವೆ, ಓದನ್ನಲ್ಲ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಗದ್ದಲದ್ದು. ಗ್ರಂಥಾಲಯವೆಂದರೆ ಮೌನ, ಅದನ್ನು ಸಂತೆ ಮಾಡುತ್ತೀರಾ ಎಂದು ಹಿರಿಯ ಶಿಕ್ಷಕರು ಕೇಳುತ್ತಾರೆ. ತಳ್ಳಿಹಾಕುವ ಆಕ್ಷೇಪವಲ್ಲ ಇದು. 1970ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಗೋಡೆಯಿಲ್ಲದ ತರಗತಿಗಳನ್ನು ಸಾಲುಸಾಲಾಗಿ ಕಟ್ಟಿದರು. ಮಕ್ಕಳು ಸ್ವತಂತ್ರವಾಗಿ ಓಡಾಡಿ ಕಲಿಯಲಿ ಎಂಬುದು ಆಸೆ. ಒಂದು ಗುಂಪಿನ ಪಾಠ ಇನ್ನೊಂದರ ಕಿವಿಗೆ ಬಿದ್ದು, ಶಿಕ್ಷಕರು ಬೇಸತ್ತು, ಎಷ್ಟೋ ಕಡೆ ಕೆಲವೇ ವರ್ಷಗಳಲ್ಲಿ ಮತ್ತೆ ಗೋಡೆ ಎಬ್ಬಿಸಿದರು. ಕಟ್ಟಡ ಬದಲಾಗಿ, ಕಲಿಸುವ ರೀತಿ ಬದಲಾಗದೆ ಹೋದರೆ ಆಗುವುದೇ ಅದು. ಹಾಗಾಗಿ ಮಾರ್ಪಡುವ ಜಾಗ ಎಂದರೆ ಎಲ್ಲೆಡೆಯೂ ಎಲ್ಲವೂ ಎಂದಲ್ಲ. ಒಬ್ಬನೇ ಕುಳಿತು ಓದುವ ಮಗುವಿಗೆ ಒಂದು ಮೂಲೆ, ಬಾಗಿಲಿಗೆ ದೂರವಾಗಿ, ಕಿಟಕಿಗೆ ಹತ್ತಿರವಾಗಿ, ಯಾವ ಕಾರಣಕ್ಕೂ ಕದಲಿಸದ ಹಾಗೆ ಇರಲೇಬೇಕು. ಒಂದೇ ಕೋಣೆಯಿರುವ ಕಡೆ ಜಾಗದ ಬದಲು ವೇಳೆಯನ್ನೇ ಹಂಚಬಹುದು: ಈ ಅವಧಿ ಗಟ್ಟಿಯಾಗಿ ಓದುವುದಕ್ಕೆ, ಆ ಅವಧಿ ಮೌನಕ್ಕೆ. ಕೋಣೆಯೇ ಇಲ್ಲದ ಶಾಲೆಗೆ ಜಗಲಿಯಿದೆ. ಚಕ್ರದ ಕಪಾಟು ಜಗಲಿಗೂ ಬರುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಜೋರಿನದು. ಕೈಯಲ್ಲೇ ಮೊಬೈಲಿರುವಾಗ ಈ ಕಾಗದದ ಗಂಟು ಯಾಕೆ, ಆ ಕೋಣೆಯನ್ನು ಡಿಜಿಟಲ್ ಮಾಡಿಬಿಡಿ ಎನ್ನುವವರದು. ಹಾಗೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕುಶಿಂಗ್ ಅಕಾಡೆಮಿ ಎಂಬ ಹಳೆಯ, ಅನುಕೂಲಸ್ಥ ವಸತಿ ಶಾಲೆ 2009ರಲ್ಲಿ ತನ್ನ 20,000ಕ್ಕೂ ಹೆಚ್ಚು ಪುಸ್ತಕಗಳನ್ನು ತೆಗೆದುಹಾಕಲು ತೀರ್ಮಾನಿಸಿ, ಸುಮಾರು ಐದು ಲಕ್ಷ ಡಾಲರ್ ವೆಚ್ಚದಲ್ಲಿ ‘ಕಲಿಕಾ ಕೇಂದ್ರ’ ಮಾಡಹೊರಟು ಸುದ್ದಿಯಾಯಿತು. ದೊಡ್ಡ ಪರದೆಗಳು ಬಂದವು, ಒಂದಿಷ್ಟು ಇ-ರೀಡರ್‌ಗಳು ಬಂದವು, 12,000 ಡಾಲರಿನ ಕಾಫಿ ಯಂತ್ರವೂ ಬಂತು. ಮನೆಯಲ್ಲಿ ಪುಸ್ತಕವಿರುವ, ತಲೆಗೊಂದು ಲ್ಯಾಪ್‌ಟಾಪ್ ಕೊಳ್ಳಬಲ್ಲ ಮಕ್ಕಳ ಶಾಲೆಗೆ ಅದು ಒಂದು ಪ್ರಯೋಗ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಕಣ್ಣಿಗೆ ಬೀಳುವ ಏಕೈಕ ಜಾಗ ಶಾಲೆ. ಅಲ್ಲಿಂದಲೂ ತೆಗೆದರೆ ಮತ್ತೆಲ್ಲಿ? 2023ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ನಡೆದದ್ದು ಇನ್ನೊಂದು ಎಚ್ಚರಿಕೆ. ಅಲ್ಲಿನ ಸಾರ್ವಜನಿಕ ಶಾಲಾ ಆಡಳಿತ 28 ಶಾಲೆಗಳಲ್ಲಿ ಗ್ರಂಥಪಾಲಕರನ್ನು ಕೈಬಿಟ್ಟು, ಗ್ರಂಥಾಲಯಗಳನ್ನು ‘ಟೀಮ್ ಸೆಂಟರ್’ ಮಾಡಿತು. ತರಗತಿಯಲ್ಲಿ ಗಲಾಟೆ ಮಾಡಿದ ಮಕ್ಕಳನ್ನೂ ಅಲ್ಲಿಗೆ ಕಳಿಸಿ, ಅಲ್ಲಿಂದಲೇ ಪರದೆಯ ಮೂಲಕ ಪಾಠ ಕೇಳಿಸುವ ಏರ್ಪಾಟು. ಹೆಸರೇನೋ ಆಧುನಿಕ. ಬಹೂಪಯೋಗಿ ಜಾಗ ಎಂಬ ಮಾತು ಸಡಿಲವಾದಷ್ಟೂ ಪುಸ್ತಕಕ್ಕೆ ಆ ಜಾಗದ ಮೇಲಿದ್ದ ಹಕ್ಕೂ ಸಡಿಲವಾಗುತ್ತದೆ. ನಮ್ಮಲ್ಲಿ ಇದೇ ಕೆಲಸವನ್ನು ಗ್ರಂಥಾಲಯದ ಕೋಣೆಗೆ ಬಂದು ಸೇರಿದ ಬಿಸಿಯೂಟದ ಅಕ್ಕಿ ಮೂಟೆಗಳು ಬಹಳ ಹಿಂದೆಯೇ ಮಾಡಿವೆ.

ಪರದೆಯನ್ನು ಬೇಡವೆನ್ನುತ್ತಿಲ್ಲ. ಶಾಲೆಗಳನ್ನು ಡಿಜಿಟಲ್ ಮಾಡುವುದರಲ್ಲಿ ಮುಂದಿದ್ದ ಸ್ವೀಡನ್ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳಿಗಾಗಿ 68.5 ಕೋಟಿ ಕ್ರೋನರ್ ತೆಗೆದಿಟ್ಟಿತು. ಹಾಗೆಂದು ಅಲ್ಲಿನವರು ಕಂಪ್ಯೂಟರನ್ನು ಅಟ್ಟಕ್ಕೆಸೆಯಲಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ನಲ್ಲಿ ಕನ್ನಡದ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಇಳಿಸಿಕೊಂಡು ಅಚ್ಚು ಹಾಕಬಹುದು, ಗೋಡೆಯ ಟಿವಿಯಲ್ಲಿ ತೋರಿಸಿ ನಲವತ್ತು ಮಕ್ಕಳಿಗೆ ಒಟ್ಟಿಗೆ ಓದಿ ಹೇಳಬಹುದು, ಬೇಕಾದರೆ ಮಕ್ಕಳೇ ತಮ್ಮ ಊರಿನ ಮಾತಿಗೆ ತಿರುಗಿಸಿ ಹೊಸ ಪುಸ್ತಕ ಮಾಡಬಹುದು. ಪರದೆ ಹೀಗೆ ಕಪಾಟಿಗೆ ಕಥೆ ತರುವ ದಾರಿಯಾದರೆ ಅದಕ್ಕೆ ಗ್ರಂಥಾಲಯದಲ್ಲಿ ಜಾಗವಿದೆ.

ಮೂರನೆಯ ಆಕ್ಷೇಪಕ್ಕೆ ನನ್ನಲ್ಲೂ ಪೂರ್ತಿ ಉತ್ತರವಿಲ್ಲ. ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆ ಇಲ್ಲ. ಪಾಠ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಚುನಾವಣೆ, ಗಣತಿ ಇವುಗಳ ನಡುವೆ ಇದೂ ಒಬ್ಬ ಶಿಕ್ಷಕರ ತಲೆಗೆ. 1993ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಕೀತ್ ಕರಿ ಲ್ಯಾನ್ಸ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ, ಗ್ರಂಥಾಲಯದ ಸಿಬ್ಬಂದಿ ಮತ್ತು ಸಂಗ್ರಹ ಚೆನ್ನಾಗಿರುವ ಶಾಲೆಗಳಲ್ಲಿ ಮಕ್ಕಳ ಅಂಕವೂ ಚೆನ್ನಾಗಿರುತ್ತದೆ, ಬಡತನದ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯುತ್ತದೆ ಎಂದು ತೋರಿಸಿತು. ನಂಟು ಎಂದರೆ ಕಾರಣ ಎಂದಾಗುವುದಿಲ್ಲ, ಅದು ಇನ್ನೊಂದು ದೇಶದ ಮಾತು ಕೂಡ. ಆದರೆ ಗ್ರಂಥಾಲಯವನ್ನು ನಡೆಸುವುದು ಮನುಷ್ಯರು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ದುಡ್ಡಿಲ್ಲ ಎನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆಯ್ಕೆಯಾದ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಆ ಪ್ರಯೋಗಾಲಯ ಬೇಕು, ಸಂತೋಷ. ಗ್ರಂಥಾಲಯದ ವಾರ್ಷಿಕ ಅನುದಾನದ ಪಕ್ಕದಲ್ಲಿ ಆ ಅಂಕಿಯನ್ನಿಟ್ಟು ನೋಡಿದಾಗ ಮಾತ್ರ ನಮ್ಮ ಆದ್ಯತೆ ಕಾಣುತ್ತದೆ. ಹುದ್ದೆ ಮಂಜೂರಾಗುವವರೆಗೆ ಸುಮ್ಮನಿರಬೇಕಿಲ್ಲ. ಎರವಲು ವಹಿ ಬರೆಯಲು ಆರು, ಏಳನೇ ತರಗತಿಯ ನಾಲ್ವರು ಮಕ್ಕಳು ಸಾಕು, ಪಾಳಿ ಹಾಕಿಕೊಟ್ಟರೆ. ಸಂಪೂರ್ಣ ಅಚ್ಚುಕಟ್ಟಾಗಿ ಬರೆಯಲಾರರು. ಅದನ್ನು ಸಹಿಸಿಕೊಳ್ಳುವುದೂ ಬಗ್ಗುವ ಗುಣದ ಒಂದು ಭಾಗವೇ.

ಉಳಿದದ್ದು ವೇಳೆ. ವಾರಕ್ಕೊಂದು ಗ್ರಂಥಾಲಯ ಅವಧಿ ಇಟ್ಟು, ಅದನ್ನೂ ಪರೀಕ್ಷೆ ಹತ್ತಿರ ಬಂದಾಗ ಗಣಿತಕ್ಕೆ ಬಿಟ್ಟುಕೊಡುವ ವೇಳಾಪಟ್ಟಿಯಲ್ಲಿ ಯಾವ ಕೋಣೆಯೂ ಜೀವ ಪಡೆಯದು. ಪ್ರಾರ್ಥನೆಗೆ ಮೊದಲಿನ ಇಪ್ಪತ್ತು ನಿಮಿಷ, ಊಟದ ನಂತರದ ಅರ್ಧ ಗಂಟೆ, ಬಸ್ಸಿಗೆ ಕಾಯುವ ಸಂಜೆಯ ಹೊತ್ತು ಇವು ಮಕ್ಕಳು ತಾವಾಗಿ ಬರುವ ವೇಳೆಗಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಮುಂದೆ ಹೋಗಿ, ಹಳ್ಳಿಗಳ ಶಾಲಾ ಗ್ರಂಥಾಲಯಗಳು ಶಾಲೆಯ ಅವಧಿ ಮುಗಿದ ಮೇಲೆ ಊರಿನವರಿಗೂ ಒದಗಬೇಕು ಎಂದಿದೆ. ಕರ್ನಾಟಕಕ್ಕೆ ಇದು ಕಷ್ಟವಾಗಬಾರದು. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಈಗ ಅವು ‘ಅರಿವು ಕೇಂದ್ರ’ಗಳು. ಒಂದೇ ಊರಿನಲ್ಲಿ ಪಂಚಾಯಿತಿಯ ಪುಸ್ತಕ ಒಂದು ಕಡೆ, ಶಾಲೆಯ ಪುಸ್ತಕ ಇನ್ನೊಂದು ಕಡೆ ಇದ್ದು, ತಿಂಗಳಿಗೊಮ್ಮೆ ಐವತ್ತು ಪುಸ್ತಕ ಅದಲುಬದಲಾದರೆ ಎರಡೂ ಕಡೆಯ ಓದುಗರಿಗೆ ಹೊಸ ಪುಸ್ತಕ ಬಂದಂತೆ. ಇಲಾಖೆಗಳು ಬೇರೆ ಬೇರೆ ಎಂಬುದೊಂದೇ ಅಡ್ಡಿ.

ಎಸ್‌ಡಿಎಂಸಿಯಲ್ಲಿರುವ ತಂದೆತಾಯಂದಿರು ಮುಂದಿನ ಸಭೆಗೆ ಕುರ್ಚಿ ಮೇಜಿನ ಕೊಟೇಶನ್ ತರಿಸುವ ಮೊದಲು ಎರಡೇ ಪ್ರಶ್ನೆ ಕೇಳಲಿ: ಕಳೆದ ತಿಂಗಳು ಎಷ್ಟು ಪುಸ್ತಕ ಮನೆಗೆ ಹೋದವು, ಮತ್ತು ಬೀರುವಿನ ಕೀಲಿ ಈಗ ಯಾರ ಹತ್ತಿರ ಇದೆ?